ಪೈಲ್ವಾನನ ಹಾಲಿನ ಪಾಳಿ

ಎಮ್ಮೆ ಹಿಂಡಿದ ಮೊದಲ ಚರಗಿ ಹಾಲು ನಮ್ಮ ಒಲೆಯ ಮುಖ ಕಾಣದೆ ನೇರ ಗರಡಿ ಮನೆಗೆ ಹೋಗುತ್ತಿದ್ದ ದಿನಗಳು ಅವು. ನಮ್ಮ ಕರ್ಜಗಿಯಲ್ಲಿ ಆಗ ಮೊಬೈಲು ಅಂದರೆ ಮೂರೋ ನಾಲ್ಕೋ ಮನೆಯಲ್ಲಿ. ಹೈನ ಇದ್ದವರೆಲ್ಲ ಪಾಳಿಯ ಮೇಲೆ ಊರಿನ ಪೈಲ್ವಾನನಿಗೆ ಹಾಲು ಕೊಡಬೇಕು ಎನ್ನುವುದು ಯಾರೂ ಬರೆದಿಡದ ಕಟ್ಟಳೆ. ಉಳಿದ ಮನೆಗಳಿಗೆ ವಾರಕ್ಕೆ ಒಂದೇ ಪಾಳಿ. ನಮ್ಮದು ಮಾತ್ರ ಎರಡು, ಸೋಮವಾರ ಮತ್ತು ಗುರುವಾರ. ನಮ್ಮಜ್ಜ ಬರಮಪ್ಪ ಹಟ ಹಿಡಿದು ಎರಡನೆಯದನ್ನು ಕಸಿದುಕೊಂಡಿದ್ದ.

ಪೈಲ್ವಾನ ಅಂದರೆ ದ್ಯಾಮಣ್ಣ. ಕುಸ್ತಿಯೇ ಅವನ ಹೊಟ್ಟೆಪಾಡು. ದಾವಣಗೆರೆ, ಬೆಳಗಾವಿ, ಎಲ್ಲಿ ಕಣ ಹಾಕಿದರೂ ಹೋಗುತ್ತಿದ್ದ, ಗೆದ್ದರೆ ಊರ ಅಗಸೆ ಬಾಗಿಲಲ್ಲಿ ಹಲಗೆ ಬಡಿದು ಕರೆತರುತ್ತಿದ್ದರು. ಸೋತರೆ ಅವನು ಒಬ್ಬನೇ ಬಸ್ಸಿಳಿದು ಮನೆಗೆ ನಡೆಯುತ್ತಿದ್ದ. ಅವನ ಸಿಟ್ಟು ಮೂಗಿನ ತುದಿಯ ಮೇಲೇ ಇರುತ್ತಿತ್ತು. ಹೆಂಗಸರು ಮಕ್ಕಳ ಮುಂದೆ ಮಾತ್ರ ಅವನ ದನಿ ಏರಿದ್ದನ್ನು ನಾನು ಕೇಳಿರಲಿಲ್ಲ.

ನನಗಾಗ ಒಂಬತ್ತು ವರ್ಷ, ನಾಲ್ಕನೆಯ ಇಯತ್ತೆ. ಹಾಲು ಒಯ್ಯುವ ಕೆಲಸ ನನ್ನದು. ಹೆಣ್ಣುಮಕ್ಕಳು ಗರಡಿಯ ಒಳಗೆ ಕಾಲಿಡುವಂತಿರಲಿಲ್ಲ. ಹೊಸ್ತಿಲ ಹೊರಗೆ ನಿಂತು ಕೈಯಷ್ಟೇ ಒಳಗೆ ಚಾಚಬೇಕು. ಒಳಗಿಂದ ಎಣ್ಣೆ, ಲಿಂಬೆಹಣ್ಣು, ಬೆವರು ಕಲೆತ ಕೆಮ್ಮಣ್ಣಿನ ವಾಸನೆ ಬರುತ್ತಿತ್ತು. ದ್ಯಾಮಣ್ಣ ಸಾಮು ನಿಲ್ಲಿಸಿ ಬಂದು, ಚರಗಿ ಎತ್ತಿ ಒಂದೇ ಉಸುರಿಗೆ ಕುಡಿದು, ಮೀಸೆಯ ನೊರೆ ಒರೆಸಿಕೊಳ್ಳುತ್ತಿದ್ದ. ಕೊಟ್ಟವರ ಪಾತ್ರೆಯನ್ನು ಖಾಲಿ ತಿರುಗಿಸಬಾರದು ಅಂತ ಎರಡು ನೆನೆಸಿದ ಬದಾಮಿ ಹಾಕಿ ಚರಗಿ ಕೊಡುತ್ತಿದ್ದ. ಆ ಬದಾಮಿ ಮನೆ ಮುಟ್ಟಿದ್ದು ಒಂದು ದಿನವೂ ಇಲ್ಲ. ಹಾದಿಯಲ್ಲೇ ಸಿಪ್ಪೆ ಸುಲಿದು, ಒಂದು ಈ ದವಡೆಗೆ ಒಂದು ಆ ದವಡೆಗೆ.

ಅಜ್ಜನೂ ವಯಸ್ಸಿನಲ್ಲಿ ಕುಸ್ತಿ ಹಿಡಿದವನೇ. ಬಲಗಿವಿ ಜಜ್ಜಿ ಗಡ್ಡೆ ಕಟ್ಟಿತ್ತು, ಮೊಣಕಾಲು ಕೈಕೊಟ್ಟು ಕುಸ್ತಿ ಬಿಟ್ಟಿತ್ತು. ಬಾಯಿ ಮಾತ್ರ ಬಿಟ್ಟಿರಲಿಲ್ಲ. ದಿನಾ ಮುಂಜಾನೆ ಗರಡಿಯ ಕಟ್ಟೆಯ ಮೇಲೆ ಕೂತು "ಲೇ ದ್ಯಾಮ್ಯಾ, ಎಡಗಾಲ ಹಿಂದ ಇಡೋ! ಹಂಗೇನೋ ಹಿಡಿಯೂದು?" ಎಂದು ಒದರುತ್ತಿದ್ದ. ಚಹಾದಂಗಡಿಯ ಶಂಕ್ರಪ್ಪ ಮತ್ತು ಇನ್ನೂ ಹತ್ತು ಮಂದಿ ಅದಕ್ಕೆ ತಾಳ. ಅವರ ಪೈಕಿ ಒಬ್ಬನಿಗೂ ಮೈಗೆ ಮಣ್ಣು ಹತ್ತಿದ್ದಿಲ್ಲ.

ಆ ವರ್ಷ ಸುಗ್ಗಿಯ ಹೊತ್ತಿಗೆ ನಮ್ಮ ಎಮ್ಮೆ ಗೌರಿ ಗಬ್ಬವಾಗಿ ಹಾಲು ಬತ್ತುತ್ತಾ ಬಂದಿತ್ತು. ಎರಡು ವರ್ಷದ ತಮ್ಮ ನಿಂಗರಾಜ ಕಾಮಾಲೆ ಹಿಡಿದು ಎದ್ದು ಕಡ್ಡಿಯಾಗಿದ್ದ. ಇದ್ದ ಹಾಲು ಅವನ ಹೊಟ್ಟೆಗೇ ಸಾಲದು. ಅಪ್ಪ ಲಾರಿಯ ಮೇಲೆ, ಬಂದರೆ ತಿಂಗಳಿಗೊಮ್ಮೆ. ಅವ್ವ ಒಂದು ಸಂಜೆ ಸೆರಗು ತಲೆಗೆಳೆದುಕೊಂಡು ಅಜ್ಜನ ಮುಂದೆ ನಿಂತಳು.

"ಮಾವಾರ, ಎಮ್ಮಿ ಈಯೂತನಕ ಪಾಳಿ ಬಿಡೂಣಲ್ರಿ?"

ಅಜ್ಜ ಊಟದ ತಾಟನ್ನೇ ದೂಡಿಬಿಟ್ಟ. "ಊರಾಗ ನನ್ನ ಮಾರಿ ಸಣ್ಣದ ಮಾಡ್ತೀ ಏನು? ನನ್ನ ಮನಿ ಪಾಳಿ ತಪ್ಪಿದ ದಿನಾನ ನಿನ್ನ ಐರಣಿ ಬಸ್ಸಿಗೆ ಹತ್ತಸ್ತೇನಿ, ತಿಳೀತಿಲ್ಲೋ?"

ಐರಣಿ ಅವ್ವನ ತವರು. ಇದು ಬಾಯಿಮಾತಿನ ಬೆದರಿಕೆ ಅಲ್ಲ. ಹಿಂದಿನ ವರ್ಷ ಬೀಜದ ಜೋಳಕ್ಕೆ ಹುಳ ಬಿತ್ತೆಂದು ಖರೇನೇ ಕಳಿಸಿದ್ದ. ಎರಡು ತಿಂಗಳು ಅವ್ವ ಇಲ್ಲದ ಹಾಸಿಗೆಯಲ್ಲಿ ಅವಳ ಹಳೆಯ ಸೀರೆ ಮೂಗಿಗೆ ಹಿಡಿದು ಮಲಗಿದ್ದೆ ನಾನು. ಹಾಗಾಗಿ ಮುಂದಿನ ಗುರುವಾರ ಅವ್ವ ಅರ್ಧ ಚರಗಿ ಹಾಲಿಗೆ ಹಂಡೆಯಿಂದ ಉಗುರುಬೆಚ್ಚಗಿನ ನೀರು ಬೆರೆಸಿದಾಗ ನಾನು ಪಿಟ್ಟೆನ್ನಲಿಲ್ಲ.

"ಪಾರೀ, ಯಾರ ಮುಂದರ ಬಾಯಿ ಬಿಟ್ಟೀ ಅಂದ್ರ ನಿನ್ನವ್ವ ನಿನಗಿಲ್ಲ ನೋಡು" ಎಂದಳು.

ಆ ದಿನ ದ್ಯಾಮಣ್ಣ ಚರಗಿ ಎತ್ತಿದವನು ಎರಡು ಗುಟುಕಿಗೇ ನಿಲ್ಲಿಸಿದ. ಚರಗಿಯ ಒಳಗೆ ನೋಡಿದ, ಆಮೇಲೆ ನನ್ನನ್ನು ನೋಡಿದ.

"ತಮ್ಮ ಹೆಂಗದಾನ ತಂಗಿ? ಕಾಮಾಲಿ ಕಡಿಮಿ ಆತೇನು?"

"ಹೂಂ ಕಾಕಾ."

ಅಷ್ಟೇ. ಉಳಿದದ್ದನ್ನೂ ಕುಡಿದು ಎರಡು ಬದಾಮಿ ಹಾಕಿ ಕೊಟ್ಟ. ಹಾದಿಯಲ್ಲಿ ಅವು ನನ್ನ ಗಂಟಲಿಗೆ ಇಳಿಯಲೊಲ್ಲವು. ಹಾಗೆಂದು ಚೆಲ್ಲಿದೆನೇ? ಇಲ್ಲ ಬಿಡಿ, ತಿಂದೆ.

ಹೀಗೇ ಎರಡು ತಿಂಗಳು ನಡೆಯಿತು. ಅಷ್ಟರಲ್ಲಿ ಬ್ಯಾಡಗಿಯಲ್ಲಿ ದೊಡ್ಡ ಕುಸ್ತಿ ಗೊತ್ತಾಯಿತು. ದಾವಣಗೆರೆ ಕಡೆಯ ಹುರಿಯಾಳು, ಹೊಸ ಹುಡುಗ. ನಮ್ಮೂರಿಂದ ಎರಡು ಟೆಂಪೋ ತುಂಬಿದವು. ಅಜ್ಜ ಪಟಗಾ ಸುತ್ತಿಕೊಂಡು ನನ್ನನ್ನೂ ತೊಡೆಯ ಮೇಲೆ ಕೂರಿಸಿಕೊಂಡ. ಮೆಣಸಿನಕಾಯಿ ಕಾಲ, ಊರು ಸಮೀಪಿಸಿದಂತೆ ಘಾಟು ಮೂಗಿಗೆ ಏರಿ ಟೆಂಪೋ ತುಂಬ ಸೀನೇ ಸೀನು. ಬಯಲಿನಲ್ಲಿ ಕಣದ ಸುತ್ತ ಸಾಲು ಸಾಲು ಜನ, ಹಲಗೆಯ ಸದ್ದು, ಚುರುಮುರಿ, ಮಿರ್ಚಿ. ನಾನು ಒಂದನ್ನೂ ತಿನ್ನಲಿಲ್ಲ. ದ್ಯಾಮಣ್ಣ ಕಾಕಾ ಸೋತರೆ ಅದು ಆ ನೀರಿನಿಂದಲೇ, ಆ ನೀರು ಒಯ್ದವಳು ನಾನೇ ಎಂದು ನನ್ನ ಮನಸ್ಸು ಗಟ್ಟಿ ಮಾಡಿಕೊಂಡುಬಿಟ್ಟಿತ್ತು.

ಮೊದಲ ಹತ್ತು ನಿಮಿಷ ಕುಸ್ತಿ ಸಮ ಸಮ. ಆಮೇಲೆ ದ್ಯಾಮಣ್ಣ ಏದತೊಡಗಿದ. ಒಮ್ಮೆ ಕೆಮ್ಮಿದ, ಮೊಣಕಾಲಿಗೆ ಕೈ ಕೊಟ್ಟು ನಿಂತ. "ಹಿಡಿಯೋ! ಬಿಡಬ್ಯಾಡೋ!" ಎಂದು ಅಜ್ಜ ಗಂಟಲು ಹರಿದುಕೊಳ್ಳುತ್ತಿದ್ದ. ಆ ಹುಡುಗ ಹೊಟ್ಟೆಯ ಕೆಳಗೆ ತಲೆ ತೂರಿಸಿ, ಎತ್ತಿ, ಅವನ ಬೆನ್ನನ್ನು ನೆಲಕ್ಕೆ ಹಚ್ಚಿಯೇಬಿಟ್ಟ. ಚಿತ್!

ತಿರುಗಿ ಬರುವಾಗ ಟೆಂಪೋದಲ್ಲಿ ಶಂಕ್ರಪ್ಪನೇ ಮೊದಲು ಆ ಮಾತು ಆಡಿದ್ದು. "ಖರೇ ಹೇಳ್ತೇನಿ ಕೇಳ್ರಿ, ಅಂವ ರೊಕ್ಕಾ ತಗೊಂಡು ಬಿದ್ದಾನ. ಕುಸ್ತಿ ಮಾರ್ಕೊಂಡಾನ." ಉಳಿದವರು ಹೌದೌದು ಎಂದರು. ಅಜ್ಜ ಕರ್ಜಗಿ ಮುಟ್ಟುವವರೆಗೂ ತುಟಿ ಬಿಚ್ಚಲಿಲ್ಲ. ಬೈಯುವ ಅಜ್ಜ ನನಗೆ ರೂಢಿಯಾಗಿದ್ದ, ಈ ಮೂಕ ಅಜ್ಜನಿಗೆ ನಾನು ಅಂಜಿದೆ.

ಮರುದಿನ ಗುರುವಾರ. ಅವ್ವ ಚರಗಿ ನನ್ನ ಕೈಗೆ ಕೊಟ್ಟಳೋ ಇಲ್ಲವೋ, ಅಜ್ಜ ಚಪ್ಪಲಿ ಮೆಟ್ಟಿ ಅಂಗಳಕ್ಕೆ ಬಂದ.

"ನಡಿ ಪಾರವ್ವಾ. ಇವತ್ತ ನಾನೂ ಬರ್ತೇನಿ. ಈ ಹಾಲಿಗೆ ಅಂವ ಲೆಕ್ಕಾ ಹೇಳ್ಬೇಕು."

ಅವ್ವ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ನಾನು ಎಡವಿದಂತೆ ಮಾಡಿ ಹಾಲು ಚೆಲ್ಲಿಬಿಡಲೇ ಅಂದುಕೊಂಡೆ. ಅಜ್ಜ ನನ್ನ ರಟ್ಟೆ ಹಿಡಿದೇ ನಡೆದ.

ಗರಡಿಯ ಮುಂದೆ ಆಗಲೇ ಜನ ಸೇರಿತ್ತು. ಸೋತ ಮರುದಿನವೂ ದ್ಯಾಮಣ್ಣ ಬಸ್ಕಿ ಹೊಡೆಯುತ್ತಿದ್ದ. ಬೆನ್ನಿಗೆ ಬ್ಯಾಡಗಿಯ ಮಣ್ಣಿನ ಗೀರು ಇನ್ನೂ ಇತ್ತು. ಶಂಕ್ರಪ್ಪ ಕಟ್ಟೆಯ ಮೇಲಿಂದ, "ಏನ್ ಪೈಲ್ವಾನ್ರ, ನಿನ್ನೆ ಏನಾತು?" ಎಂದು ಕೆಣಕಿದ.

"ಮೆಣಸಿನಕಾಯಿ ಘಾಟು. ಉಸುರು ಹಿಡೀತು."

"ಹೋ ಹೋ! ಕುಣಿಯಾಕ ಬರಲಾರದಾಕಿ ನೆಲಾ ಡೊಂಕು ಅಂದ್ಲಂತ. ಆ ಹುಡುಗಗ ಘಾಟು ಹತ್ತಲಿಲ್ಲೇನು? ಜಟ್ಟಿ ಬಿದ್ರೂ ಮೀಸಿ ಮಣ್ಣಾಗ್ಲಿಲ್ಲ ಬಿಡ್ರಪಾ. ಬಿದ್ದದ್ದಕ್ಕ ಎಷ್ಟ ತಗೊಂಡಿ ಅಷ್ಟರ ಹೇಳು."

ದ್ಯಾಮಣ್ಣ ಎರಡೇ ಹೆಜ್ಜೆಗೆ ಹೊಸ್ತಿಲು ದಾಟಿ, ಶಂಕ್ರಪ್ಪನ ಅಂಗಿ ಹಿಡಿದು ಕಟ್ಟೆಯಿಂದ ಇಳಿಸಿ ಒಳಗೆ ಎಳೆದ. ಚಪ್ಪಲಿ ಒಂದು ಒಳಗೆ, ಒಂದು ಹೊರಗೆ.

"ಬಾ, ಇಳಿ ಮಣ್ಣಿಗೆ! ನಾಲಿಗಿಯೊಳಗ ಇರೂ ಜೋರು ಕಾಲಾಗ ಎಷ್ಟೈತಿ ನೋಡೂಣು! ಹದಿನೆಂಟು ವರ್ಷ ಆತು ನನ್ನ ಎಲುಬು ಮುರಕೊಳ್ಳಾಕತ್ತು. ನೀವು ಕಟ್ಟಿ ಮ್ಯಾಲ ಕುಂತು ಶೇಂಗಾ ತಿಂತೀರಿ, ಸಿಪ್ಪಿ ನನ್ನ ಮಾರಿಗೆ ಉಗುಳ್ತೀರಿ! ಬಾರೋ!"

ಶಂಕ್ರಪ್ಪನ ಮುಖ ಸುಣ್ಣವಾಗಿತ್ತು. "ಬಿಡೋ ಮಾರಾಯಾ, ಸುಮ್ನ ನಗಚಾಟಿಕಿಗೆ ಅಂದೆ" ಎಂದು ತೊದಲಿದ. ದ್ಯಾಮಣ್ಣನ ಮುಷ್ಟಿ ಮೇಲೆದ್ದಿತ್ತು. ಆಗ ಅಜ್ಜ ಮುಂದೆ ಹೋದ.

"ಅಂವನ್ನ ಬಿಡು. ನನಗ ಉತ್ತರಾ ಹೇಳು. ಊರ ಹಾಲು ಕುಡದು ಊರ ಮಾನ ಕಳದಿ. ನನ್ನ ಮನಿ ಎಮ್ಮಿ ಹಾಲಿಗರ ಮರ್ಯಾದಿ ಬ್ಯಾಡೇನು? ಉಂಡ ಮನಿಗೆ ಎರಡು ಬಗೀತಿ ಏನಲೇ?"

ದ್ಯಾಮಣ್ಣ ಶಂಕ್ರಪ್ಪನನ್ನು ಬಿಟ್ಟ. ಬಂದು ನನ್ನ ಕೈಯಿಂದ ಚರಗಿ ಕಸಿದುಕೊಂಡ.

"ಹಾಲು! ಹಾಲು! ಹುಟ್ಟಾ ಇದನ್ನ ಕೇಳಿ ಸಾಕಾಗೇತಿ!" ಅವನ ದನಿಗೆ ಗರಡಿಯ ಪಾರಿವಾಳಗಳು ಎದ್ದು ಹಾರಿದವು. "ದಿನಾ ಕುಡದಾಂವ ನಾನು. ಯಾರ್‍ಯಾರ ಮನಿ ಹಾಲು ಎಷ್ಟು ಗಟ್ಟಿ ಐತಿ ಅಂತ ನನ್ನ ನಾಲಿಗಿಗೆ ಗೊತ್ತೈತಿ. ಹೇಳ್ಲೇನು? ಒಬ್ಬೊಬ್ಬರ ಹೆಸರು ಹಿಡದು ಹೇಳ್ಲೇನು?"

ನನಗೆ ಆಗ ಅರ್ಥವಾಗದ ಒಂದು ಸಂಗತಿ ನಡೆಯಿತು. ಕಟ್ಟೆಯ ಮೇಲಿದ್ದ ಅಷ್ಟೂ ಮಂದಿ ತಲೆ ತಗ್ಗಿಸಿದರು. ಒಬ್ಬ ಬೀಡಿ ಹುಡುಕಿದ, ಇನ್ನೊಬ್ಬ ಮುಗಿಲು ನೋಡಿದ. ಎಲ್ಲರ ಮನೆಯಲ್ಲೂ ಒಂದೊಂದು ಹಂಡೆ ಇತ್ತು ಎಂದು ತಿಳಿಯುವಷ್ಟು ನಾನು ದೊಡ್ಡವಳಾಗಿರಲಿಲ್ಲ. ತಲೆ ಎತ್ತಿ ನಿಂತವನು ಅಜ್ಜನೊಬ್ಬನೇ. ಪಾಪ, ಅವನಿಗೆ ಗೊತ್ತಿರಲಿಲ್ಲ.

"ಹೇಳಲೇ!" ಎಂದ ಅಜ್ಜ ಎದೆ ಬಡಿದುಕೊಂಡು. "ಹತ್ತು ಮಂದಿ ಮುಂದ ಹೇಳು! ಬರಮಪ್ಪನ ಮನಿ ಹಾಲಿನ್ಯಾಗ ಕೊರತಿ ಇದ್ರ ಈಗಿಂದೀಗ ಹೇಳು. ಹಿಂಡಿದಾಕಿನ್ನ ಇವತ್ತ ಮನಿ ಬಿಡಸ್ತೇನಿ!"

ಚರಗಿ ದ್ಯಾಮಣ್ಣನ ಕೈಯಲ್ಲಿತ್ತು. ಅಂಗೈಗೆ ನಾಲ್ಕು ಹನಿ ಸುರಿದು ತೋರಿಸಿದ್ದರೆ ಸಾಕಿತ್ತು, ಅಂಗೈ ಹುಣ್ಣಿಗೆ ಕನ್ನಡಿ ಯಾಕೆ? ಸೋಲಿಗೊಂದು ಕಾರಣ ಸಿಗುತ್ತಿತ್ತು, ಮಾರಿಕೊಂಡ ಎಂಬ ಮಾತು ಅಲ್ಲೇ ಸಾಯುತ್ತಿತ್ತು. ಅವನು ಚರಗಿಯನ್ನು ವಾಲಿಸಿದ. ಹಾಲು ಕಂಠದವರೆಗೆ ಬಂತು. ನಾನು ಹೊಸ್ತಿಲ ಹೊರಗೆ ನಿಂತಲ್ಲೇ ಲಂಗ ಒದ್ದೆ ಮಾಡಿಕೊಂಡೆ. ಅವನ ಕಣ್ಣು ನನ್ನ ಮೇಲೆ ಬಿತ್ತು.

ಎಷ್ಟು ಹೊತ್ತು ನೋಡಿದನೋ ಕಾಣೆ. ಅವನ ಎದೆ ಏರಿಳಿಯುತ್ತಿತ್ತು, ಕೊರಳಿನ ನರ ಉಬ್ಬಿತ್ತು. ಕಡೆಗೆ, "ನಿಮ್ಮ ಮನಿ ಹಾಲು ಗಟ್ಟಿ ಐತ್ರಿ ಅಜ್ಜಾರ" ಎಂದ. "ಬಿದ್ದಾಂವ ನಾನ."

ಚರಗಿ ಎತ್ತಿ, ಯಾರೂ ನೋಡಲು ಒಂದು ಹನಿಯೂ ಉಳಿಯದಂತೆ ಗಟಗಟ ಕುಡಿದ. ಬಗ್ಗಿ ಚರಗಿಯನ್ನು ನನ್ನ ಕೈಗಿಟ್ಟ. ಅದರಲ್ಲಿ ಬದಾಮಿ ಇರಲಿಲ್ಲ.

ಮನೆಗೆ ಬಂದಾಗ ಅಡುಗೆಮನೆಯ ಬಾಗಿಲ ಹಿಂದೆ ಅವ್ವನ ಗಂಟು ಕಟ್ಟಿ ತಯಾರಿತ್ತು. ಮೇಲೆ ನಿಂಗರಾಜನ ಕುಲಾಯಿ. "ಹೇಳಲಿಲ್ಲ ಯವ್ವಾ" ಎಂದೆ. ಅವಳು ನನ್ನನ್ನು ತಬ್ಬಿಕೊಂಡು ಸದ್ದಿಲ್ಲದೆ ಅತ್ತಳು. ಆಮೇಲೆ ಗಂಟು ಬಿಚ್ಚಿದಳು.

ದ್ಯಾಮಣ್ಣ ಅವತ್ತಿನಿಂದ ಯಾರ ಮನೆಯ ಹಾಲನ್ನೂ ಮುಟ್ಟಲಿಲ್ಲ. ಊರ ಹೆಸರಿನಲ್ಲಿ ಕಣಕ್ಕೂ ಇಳಿಯಲಿಲ್ಲ. ಆ ಮಳೆಗಾಲಕ್ಕೇ ರಾಣೆಬೆನ್ನೂರಿನ ಒಂದು ಗೋದಾಮಿನ ಕಾವಲಿಗೆ ಸೇರಿಕೊಂಡ. ಅಜ್ಜನೋ, ಸಾಯುವವರೆಗೂ ಕಟ್ಟೆಯ ಮೇಲೆ ಕೂತು ಸಾಕ್ಷಿ ಹೇಳಿದ್ದೇ ಹೇಳಿದ್ದು: "ನಮ್ಮ ಹಾಲು ಗಟ್ಟಿ ಐತಿ ಅಂತ ಆ ಮಗಾನ ಒಪ್ಪಿಕೊಂಡಾನ. ಮತ್ತ ಹೆಂಗ ಬಿದ್ದ? ಮಾರ್ಕೊಂಡ ಬಿದ್ದ!" ಪ್ರತಿ ಸಲ ಕೇಳಿದಾಗಲೂ ನನ್ನ ಮೈ ಉರಿಯುತ್ತಿತ್ತು. ಪ್ರತಿ ಸಲವೂ ಬಾಯಿ ಮುಚ್ಚಿಕೊಂಡೇ ಇದ್ದೆ, ಹೇಡಿ ನಾನು.

ಈಗ ಹಾವೇರಿಯಲ್ಲಿ ಶಾಲೆಯ ಮಾಸ್ತರಿಣಿ ನಾನು. ಅವ್ವ ನನ್ನ ಜೊತೆಗಿದ್ದಾಳೆ. ಪ್ಯಾಕೆಟ್ ಹಾಲನ್ನು ಪಾತ್ರೆಗೆ ಸುರಿದು, ಪ್ಯಾಕೆಟ್ಟಿಗೆ ಒಂದಿಷ್ಟು ನೀರು ಹಾಕಿ ಗಲಬರಿಸಿ ಅದನ್ನೂ ಸುರಿಯುವುದು ಎಲ್ಲರ ಮನೆಯ ರೂಢಿ. ಅವ್ವ ಮಾತ್ರ ಹಾಗೆ ಮಾಡುವುದಿಲ್ಲ. ಕರ್ಜಗಿಯಲ್ಲಿ ಹಾಲು ಈಗ ಡೇರಿಗೆ ಹೋಗುತ್ತದೆ. ಎಷ್ಟು ಗಟ್ಟಿ ಎಂಬುದನ್ನು ಮಷಿನ್ನು ತಿರುಗಿ ನೋಡದೆ ಹೇಳುತ್ತದೆ. ಎದುರಿಗೆ ನಿಂತ ಕೂಸಿನ ಮುಖ ನೋಡಿ ಮಾತು ನುಂಗುವ ಯಂತ್ರ ಎಲ್ಲಿಂದ ಬರಬೇಕು? ಗರಡಿಯ ಕಟ್ಟೆ ಒಡೆದು ಅಂಗಡಿ ಕಟ್ಟಿದ್ದಾರೆ. ಕಟ್ಟೆಯ ಮಂದಿ ಈಗ ಮೊಬೈಲಿನಲ್ಲಿ ಕುಸ್ತಿ ನೋಡುತ್ತ, ಸೋತವನ ಬಗ್ಗೆ ಬಾಯಿಗೆ ಬಂದದ್ದನ್ನು ಅಲ್ಲೇ ಬರೆಯುತ್ತಾರೆ. ಅಂಗಿ ಹಿಡಿದು ಎಳೆಯುವವರಿಲ್ಲ.

ಹೋದ ವರ್ಷ ರಾಣೆಬೆನ್ನೂರಿಗೆ ಹೋದಾಗ ಅವನನ್ನು ಹುಡುಕಿ ಕಂಡೆ. ಮೀಸೆ ಪೂರ್ತಿ ಬೆಳ್ಳಗಾಗಿದೆ. ಗುರುತು ಹಿಡಿದವನೇ "ಅವ್ವ ಆರಾಮದಾಳೇನವಾ?" ಎಂದ. ನಾನು ಅಲ್ಲೇ ಅತ್ತುಬಿಟ್ಟೆ. "ಕಾಕಾ, ಅವತ್ತ ನೀವು ಹೇಳಬೇಕಾಗಿತ್ತು" ಎಂದೆ.

"ಏ, ಬಿಡವಾ. ಗಟ್ಟಿ ಹಾಲು ಕುಡದಿದ್ರೂ ಬೀಳ್ತಿದ್ನೋ ಏನೋ, ಯಾರಿಗೊತ್ತು?" ಎಂದು ನಕ್ಕ. ಮರುಗಳಿಗೆಗೇ ಅವನ ದವಡೆ ಬಿಗಿಯಿತು. "ಬಿದ್ದದ್ದು ಮರ್ತೇನಿ ತಂಗಿ. ಮಾರ್ಕೊಂಡಾನ ಅಂದ್ರಲ್ಲಾ, ಅದ ಇನ್ನೂ ಉರೀತೈತಿ."

ಅವ್ವನನ್ನು ಕೇಳಿಯೇ ಇದನ್ನು ಬರೆಯುತ್ತಿದ್ದೇನೆ. "ಬರಿ, ನನ್ನ ಹೆಸರು ಹಿಡದ ಬರಿ" ಎಂದಳು. ಅವಳ ಹೆಸರು ಗಂಗವ್ವ. ಕರ್ಜಗಿಯ ಕಟ್ಟೆಯಲ್ಲಿ ಕೂತಿದ್ದವರಲ್ಲಿ ಯಾರಾದರೂ ಇನ್ನೂ ಬದುಕಿದ್ದರೆ ಕೇಳಿಸಿಕೊಳ್ಳಿ: ದ್ಯಾಮಣ್ಣ ಕುಸ್ತಿ ಮಾರಿಕೊಂಡಿರಲಿಲ್ಲ. ನಮ್ಮ ಮನೆಯ ಹಾಲಿಗೆ ನೀರು ಬೆರೆಸಿದ್ದೆವು.