ಹಗ್ಗಕ್ಕೆ ಕೈ ಹಚ್ಚಿದ ದಿನ

ಎದೆ ಹಿಡಿದದ್ದು ಆಫೀಸಿನ ಮೆಟ್ಟಿಲ ಮೇಲೆ. ಮೊದಲ ಮಹಡಿಗೆ ಹೋಗುತ್ತಿದ್ದೆ, ಅಷ್ಟೆ. ಗ್ಯಾಸ್ ಇರಬೇಕೆಂದು ಸೋಡಾ ತರಿಸಿ ಕುಡಿದೆ. ಬೆವರು ನಿಲ್ಲಲಿಲ್ಲ. ಜೊತೆಯವರು ರಿಕ್ಷಾದಲ್ಲಿ ಕೂರಿಸಿ ಕಾರವಾರದ ಆಸ್ಪತ್ರೆಗೆ ಕರೆದೊಯ್ದರು. ಇಸಿಜಿ ನೋಡಿದ ಡಾಕ್ಟರು ತಲೆ ಎತ್ತದೆ ಕೇಳಿದರು: "ಮನೆಯವರು ಯಾರಿದ್ದಾರೆ?"

ಆ ಪ್ರಶ್ನೆಗೇ ಅರ್ಧ ಜೀವ ಹೋಯಿತು.

ಗೋವಾದಲ್ಲಿ ಆಂಜಿಯೋಗ್ರಾಮ್. ಒಂದು ಬ್ಲಾಕ್, ಒಂದು ಸ್ಟೆಂಟ್. ಮಾಜಾಳಿಯ ಮನೆಗೆ ಮರಳಿದ ಮೇಲೆ ಹೆದರಿಕೆ ಶುರುವಾಯಿತು. ನಡೆದರೆ ಸ್ಟೆಂಟ್ ಜಾರೀತು, ಬಗ್ಗಿದರೆ ಮುಚ್ಚೀತು ಎಂದು ನನಗೆ. ಹೆಂಡತಿ ಸುನೀತಾಳಿಗೆ ನನಗಿಂತ ಹೆಚ್ಚು. ನಾನು ತಂಬಿಗೆ ಎತ್ತಿದರೂ ಅಡಿಗೆಮನೆಯಿಂದ ಓಡಿ ಬರುತ್ತಿದ್ದಳು. ಚಹಾ ಕುರ್ಚಿಗೆ, ಊಟ ಕುರ್ಚಿಗೆ. ಮೀನುಗಾರರ ಮನೆಯಲ್ಲಿ ಹುಟ್ಟಿಯೂ ಮೊದಲಿನಿಂದ ನಾನು ಪಕ್ಕದ ಅಂಗಡಿಗೆ ಬೈಕಿನಲ್ಲಿ ಹೋಗುವ ಆಸಾಮಿ. ಈಗ ಈ ಸೇವೆ ಬೇರೆ. ಬಚ್ಚಲಿಗೆ ಹೋಗಿ ಬಂದರೆ ಕಾಲು ನಡುಗುವಷ್ಟಾಯಿತು.

ಫಾಲೋಅಪ್‌ಗೆ ಹೋದಾಗ ಡಾಕ್ಟರು ನನ್ನನ್ನು ಬಿಟ್ಟು ಸುನೀತಾಳನ್ನು ನೋಡಿದರು. "ಹೃದಯ ಚೆನ್ನಾಗಿದೆ. ಹೀಗೆ ಕೂರಿಸಿಟ್ಟರೆ ಮತ್ತೆ ಕೆಡುತ್ತೆ."

"ಜಿಮ್ಮಿಗೆ ಕಳಿಸ್ಬೇಕಾ ಸರ್?"

"ಎಂತಕ್ಕೆ? ಮನೇಲಿ ಕಸಬರಿಗೆ ಇಲ್ವಾ? ಮೊದಲು ನಡೀಲಿ, ಆಮೇಲೆ ಸಣ್ಣಪುಟ್ಟ ಕೆಲಸ ಮಾಡ್ಲಿ. ಎದೆ ನೋವು ಬಂದ್ರೆ ಮಾತ್ರ ನಿಲ್ಸಿ, ಕೂಡಲೇ ಬನ್ನಿ."

ಕೆಲವು ವಾರ ಮನೆಯ ಸುತ್ತ ನಡೆದೆ. ಆಮೇಲೆ ಅಂಗಳ ಗುಡಿಸಿದೆ. ಎದುರು ಮನೆಯವರು ನಕ್ಕರು, ನಗಲಿ. ಹಾಲಿಗೆ ನಡೆದೇ ಹೋದೆ, ಬಟ್ಟೆ ಹಿಂಡಿದೆ, ಗಿಡಗಳಿಗೆ ನೀರು ಹೊತ್ತೆ. ಕೆಲಸಕ್ಕೆ ಹೋಗತೊಡಗಿದ ಮೇಲೆ ಬಸ್ಸಿನಿಂದ ಒಂದು ಸ್ಟಾಪ್ ಮೊದಲೇ ಇಳಿಯುತ್ತಿದ್ದೆ. ಸುನೀತಾ ಬೇಡ ಎನ್ನುತ್ತಿರಲಿಲ್ಲ. ಆದರೆ ನಾನು ಗುಡಿಸುವಷ್ಟು ಹೊತ್ತೂ ಬಾಗಿಲಲ್ಲಿ ನಿಂತಿರುತ್ತಿದ್ದಳು, ನಾಲಿಗೆ ಕೆಳಗಿಡುವ ಮಾತ್ರೆಯನ್ನು ಮುಷ್ಟಿಯಲ್ಲಿ ಹಿಡಿದು. ನನಗೆ ಸಿಟ್ಟೂ ಬರುತ್ತಿತ್ತು, ಕಣ್ಣೂ ತುಂಬುತ್ತಿತ್ತು.

ಓಡುವ ಪಟ್ಟಿಯ ಮೇಲೆ ನಡೆಸಿ ಹೃದಯ ನೋಡುವ ಟಿಎಂಟಿ ಟೆಸ್ಟ್ ಸರಿ ಬಂದ ಮೇಲೆ ಅವಳ ತವರು ಬೆಳಂಬಾರಕ್ಕೆ ಹೋದೆವು. ಬೆಳಿಗ್ಗೆ ದಂಡೆಯಲ್ಲಿ ರಂಪಣಿ ಬಲೆ ಎಳೆಯುತ್ತಿದ್ದರು. ದೋಣಿಯವರು ಸಮುದ್ರದಲ್ಲಿ ಬಲೆಯನ್ನು ಸುತ್ತ ಬಿಟ್ಟು ಬಂದ ಮೇಲೆ ಅದರ ಹಗ್ಗವನ್ನು ಊರವರೆಲ್ಲ ಕೂಡಿ ಎಳೆಯುವ ಕೆಲಸ ಅದು. ಹಗ್ಗಕ್ಕೆ ಕೈ ಹಚ್ಚಿದವರಿಗೆಲ್ಲ ಮೀನಿನಲ್ಲಿ ಪಾಲು. ನಿಂತು ನೋಡಿದವರಿಗಿಲ್ಲ. ನಾನು ಮಲಗಿದಾಗಿನಿಂದ ಸುನೀತಾಳ ತಮ್ಮ ಗಣಪತಿ ನಮಗೆ ಮೀನು ಕಳಿಸುತ್ತಲೇ ಇದ್ದ. ಪ್ರೀತಿಯಿಂದಲೇ ಕಳಿಸಿದ್ದು, ಆದರೂ ಅದು ರೋಗಿಗೆಂದು ಕೊಟ್ಟ ಮೀನು. ನನಗೆ ಪಾಲಿನ ಮೀನು ಬೇಕಿತ್ತು.

"ಡಾಕ್ಟರಿಗೆ ಕೇಳಿದ್ದೇನೆ. ಸುಸ್ತಾಗುವ ಮೊದಲೇ ಬಿಡಬೇಕಂತೆ," ಎಂದೆ. ಸುನೀತಾ ಸಮುದ್ರದ ಕಡೆ ನೋಡುತ್ತ ನಿಂತಳು.

"ಬನ್ನಿ ಭಾವ, ಕಡೀಗೆ ನಿಂತ್ಕಳಿ. ಭಾರ ನಾವ್ ನೋಡ್ಕಂತೇವೆ," ಎಂದು ಗಣಪತಿ ಕರೆದ.

ಹಗ್ಗ ಹಿಡಿದೆ. ಅಂಗೈ ಉರಿಯಿತು. ಎಲ್ಲರೂ ಕೂಗಿ ಎಳೆದಾಗ ನಾನೂ ಹಿಂದಕ್ಕೆ ವಾಲಿದೆ. ಎದೆ ಹೊಡೆದುಕೊಂಡಿತು.

ನೋವಲ್ಲ. ಬರೀ ಏದುಸಿರು.

ಅಷ್ಟರಲ್ಲಿ ಬೆನ್ನ ಹಿಂದೆ ಬಳೆಗಳ ಸದ್ದು. ನನ್ನನ್ನು ಎಳೆದೊಯ್ಯಲು ಬಂದಳು ಎಂದುಕೊಂಡೆ. ತಿರುಗಿದರೆ ಸುನೀತಾ ಸೆರಗು ಸಿಕ್ಕಿಸಿಕೊಂಡು ನಿಂತಿದ್ದಾಳೆ. ಮಾತ್ರೆ ಸೆರಗಿನ ಗಂಟಿನಲ್ಲಿ. ಎರಡೂ ಕೈ ಹಗ್ಗದ ಮೇಲೆ.

"ನನ್ನ ಮುಖ ಎಂತ ನೋಡ್ತ್ರಿ? ಎಳೀರಿ," ಎಂದಳು.

ಸ್ವಲ್ಪ ಎಳೆದು ಬಿಟ್ಟೆ, ಕೂತು ಸುಧಾರಿಸಿಕೊಂಡೆ, ಮತ್ತೆ ಹಿಡಿದೆ. ಬಲೆ ದಂಡೆಗೆ ಬಂತು. ಗಣಪತಿ ನಮ್ಮ ಮುಂದೆ ಬಂಗಡೆಯ ಎರಡು ಗುಪ್ಪೆ ಹಾಕಿದ. "ಇದು ಅಕ್ಕಂದು. ಇದು ಭಾವಂದು."

ಸ್ಟೆಂಟ್ ಹಾಕಿದವರಿಗೆ, ಕುರ್ಚಿಯಿಂದ ಎಬ್ಬಿಸಿದ ಡಾಕ್ಟರಿಗೆ, ಬಾಗಿಲಲ್ಲಿ ನಿಂತು ಕಾದವಳಿಗೆ, ಯಾರಿಗೆ ಎಷ್ಟು ಕೃತಜ್ಞತೆ ಹೇಳಿದರೂ ಕಡಿಮೆಯೇ. ಮಾತ್ರೆ ಈಗಲೂ ನಡೆದಿದೆ. ಹೆದರಿಕೆಯೂ ಒಮ್ಮೊಮ್ಮೆ ಬರುತ್ತದೆ.

ಆ ದಿನ ನನ್ನ ಪಾಲನ್ನು ನಾನೇ ಬುಟ್ಟಿಗೆ ತುಂಬಿಕೊಂಡು ಗಣಪತಿಯ ಮನೆಯ ಕಡೆ ನಡೆದೆ. ಸುನೀತಾ ತನ್ನ ಪಾಲು ಹಿಡಿದು ಪಕ್ಕದಲ್ಲಿ ಬರುತ್ತಿದ್ದಳು. ನನ್ನ ಬುಟ್ಟಿಯನ್ನು ತನಗೆ ಕೊಡಿ ಎನ್ನಲಿಲ್ಲ.