ಮಾದೇವತ್ತೆಯ ಜೋಡೆತ್ತು

ನನ್ನ ಸೋದರತ್ತೆ ಮಾದೇವಮ್ಮ ಊರಿನ ಗಂಡಸರನ್ನೆಲ್ಲ 'ಲೇ' ಎಂದೇ ಕರೆಯುತ್ತಿದ್ದಳು. ಪಂಚಾಯಿತಿ ಅಧ್ಯಕ್ಷನೂ ಅದರಿಂದ ತಪ್ಪಿಸಿಕೊಂಡವನಲ್ಲ. ತನ್ನ ಎರಡು ಎತ್ತುಗಳನ್ನು ಮಾತ್ರ 'ಬುದ್ದಿ' ಎನ್ನುತ್ತಿದ್ದಳು. ನಂಜನಗೂಡಿನ ಕಡೆ ನಾವು ಹಾಗೆ ಕರೆಯುವುದು ಮಠದ ಸ್ವಾಮಿಗಳನ್ನು.

ಎತ್ತುಗಳು ಬಂದದ್ದೂ ಮಠದಿಂದಲೇ. ಭಕ್ತರು ಹರಕೆಗೆ ಬಿಟ್ಟ ಕರುಗಳನ್ನು ನಮ್ಮೂರ ಹಳೆಯ ಮಠ ಸಾಕಬಲ್ಲ ರೈತರಿಗೆ ಕೊಡುತ್ತದೆ. ಗಂಡ ಸತ್ತು ವರ್ಷ ತುಂಬುವುದರೊಳಗೆ ಅತ್ತೆ ಹೋಗಿ ಜೋಡಿ ಕರು ಕೇಳಿ ತಂದಳು. "ಮಠದಿಂದ ಬಂದವ್ರೆ ಕಣವ್ವ, ಲೇ ಅನ್ನಕ್ಕಾಯ್ತದಾ?" ಎನ್ನುವಳು. ಬಾರುಕೋಲು ಅವಳ ಕೊಟ್ಟಿಗೆಯಲ್ಲಿ ಇರಲೇ ಇಲ್ಲ. ನೊಗ ಕಟ್ಟಿ, ನೇಗಿಲ ಮೇಣಿ ಹಿಡಿದು, "ದಯಮಾಡ್ಸಿ ಬುದ್ದಿ" ಎಂದರೆ ಎರಡೂ ಕಿವಿ ಅಲ್ಲಾಡಿಸಿ ಹೊರಡುತ್ತಿದ್ದವು. ನಾವು ಬಿದ್ದು ಬಿದ್ದು ನಗುತ್ತಿದ್ದೆವು.

ಯುಗಾದಿಯ ಬೆಳಿಗ್ಗೆ ಮಠದ ಹೊಲದಲ್ಲಿ ಹೊನ್ನಾರು, ಅಂದರೆ ವರ್ಷದ ಮೊದಲ ಸಾಲು. ಅದು ಬೀಳದೆ ಊರಲ್ಲಿ ಯಾರೂ ಉಳುವುದಿಲ್ಲ. ಊರೆಲ್ಲ ಟ್ರ್ಯಾಕ್ಟರ್ ಆದ ಮೇಲೆ ಉಳಿದದ್ದು ಅತ್ತೆಯದೊಂದೇ ಜೋಡಿ. ಒಂದು ವರ್ಷ ಟ್ರ್ಯಾಕ್ಟರಿನ ಸಿದ್ದ ತನ್ನ ಗಾಡಿಗೇ ಹಾರ ಹಾಕಿ ಮಠದ ಮುಂದೆ ತಂದು ನಿಲ್ಲಿಸಿಬಿಟ್ಟ. ಅತ್ತೆ ಸೆರಗು ಸಿಕ್ಕಿಸಿ, ಎತ್ತು ಹೊಡೆದುಕೊಂಡು ಬಂದು ಅದರ ಮೂತಿಗೇ ಅಡ್ಡ ನಿಂತಳು.

"ಲೇ ಸಿದ್ದ, ಇದು ಸಗಣಿ ಆಕ್ತದೇನ್ಲಾ? ಮಠದ ಒಲಕ್ಕೆ ಇದು ಬುಡೋ ಒಗೆನೇ ಗೊಬ್ರ ಮಾಡೀಯಾ?"

ಸಿದ್ದ ಕೀಲಿ ತೆಗೆದು ಜೇಬಿಗಿಟ್ಟ. ಎತ್ತುಗಳು ಹೊಲಕ್ಕಿಳಿದವು. ತಿ. ನರಸೀಪುರಕ್ಕೆ ಮದುವೆಯಾಗಿ ಹೋಗಿ ಹಬ್ಬಕ್ಕೆ ತವರಿಗೆ ಬಂದವಳು ಎಂಬುದನ್ನೂ ಮರೆತು ನಾನು ಶಿಳ್ಳೆ ಹೊಡೆದೆ. ಮನೆಯಲ್ಲಿ ಬೈಸಿಕೊಂಡೆ.

ಕಳೆದ ಕಾರ್ತಿಕದಲ್ಲಿ ಅತ್ತೆ ಹೋದಳು. ಅಂದಿನಿಂದ ನಮ್ಮಪ್ಪನ ಕೊಟ್ಟಿಗೆಯಲ್ಲಿ ಸುಮ್ಮನೆ ನಿಂತಿದ್ದ ಎತ್ತುಗಳನ್ನು ಈ ಯುಗಾದಿಗೆ ನಾನೇ ಮಠದ ಹೊಲಕ್ಕೆ ಕರೆತಂದು ಮೇಣಿ ಹಿಡಿದೆ. ಅವು ಅಲುಗಲಿಲ್ಲ. ಒಬ್ಬ ಬಾಲ ತಿರುಚಿದ, ಇನ್ನೊಬ್ಬ ಬಾರುಕೋಲು ಎತ್ತಿದ. ಅತ್ತೆಯ ಮಾತು ನನಗೆ ಗೊತ್ತಿತ್ತು. ಆಡಹೋದರೆ ಅಳುವೇ ಬಂತು. ಮುಹೂರ್ತ ಮೀರುತ್ತಿತ್ತು. ಆ ಕಡೆ ಸಿದ್ದ ಟ್ರ್ಯಾಕ್ಟರ್ ಸ್ಟಾರ್ಟ್ ಮಾಡಿದ. ಅತ್ತೆಯ ಹೊನ್ನಾರು ಇಲ್ಲಿಗೆ ಮುಗಿಯಿತು ಎಂದುಕೊಂಡೆ.

ಆಗ ಸ್ವಾಮಿಗಳು ಮಠದ ಜಗಲಿಯಿಂದ ಇಳಿದು ಬಂದರು. ಊರಿಗೆ ಊರೇ ಅಡ್ಡಬೀಳುವ ಆ ಹಿರಿಯರು ಕಾವಿ ಶಲ್ಯ ಸರಿಮಾಡಿಕೊಂಡು ಎತ್ತುಗಳ ಮುಂದೆ ನಿಂತು ಕೈಮುಗಿದರು.

"ದಯಮಾಡ್ಸಿ ಬುದ್ದಿ" ಎಂದರು.

ಎರಡೂ ಕಿವಿ ಅಲ್ಲಾಡಿಸಿದವು. ಸಾಲು ಬಿತ್ತು. ನಾನು ಮೇಣಿ ಬಿಡದೆ, ಅಳುತ್ತಲೇ ಶಿಳ್ಳೆ ಹೊಡೆದೆ.