ಕೂತು ನೋಡುವ ಕಷ್ಟ

ನಮ್ಮ ಅಂಗಡಿಯಲ್ಲಿ ನಿಂತುಕೊಂಡು ಸೀರೆ ನೋಡುವ ಪದ್ಧತಿಯಿಲ್ಲ. ಶಿಕಾರಿಪುರದ ಆ ಹಳೆಯ ಜವಳಿ ಅಂಗಡಿಗೆ ಬಂದವರು ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಬಿಳಿ ಹೊದಿಕೆಯ ಗಾದಿಯ ಮೇಲೆ ಕಾಲು ಮಡಚಿ ಕೂತು, ಬಿಸಿಲನ್ನೊಮ್ಮೆ ಬಸ್ಸನ್ನೊಮ್ಮೆ ಬೈದು ದಣಿವಾರಿಸಿಕೊಂಡ ಮೇಲೆಯೇ ಅಪ್ಪ ಮೊದಲ ಮಡಿಕೆ ಬಿಚ್ಚುತ್ತಿದ್ದರು. ನಿಂತವರಿಗೆ ಬಣ್ಣ ಕಾಣುತ್ತದೆ, ಕೂತವರಿಗೆ ಸೀರೆ ಕಾಣುತ್ತದೆ ಎಂಬುದು ಅವರ ನಂಬಿಕೆ. ಒಂದು ಸೀರೆಗಾಗಿ ಒಂದು ಮಧ್ಯಾಹ್ನವನ್ನೇ ಕಳೆದು, ಕೊನೆಗೆ ಏನೂ ಕೊಳ್ಳದೆ ಎದ್ದವರನ್ನೂ ಅವರು ಮೆಟ್ಟಿಲವರೆಗೆ ಹೋಗಿ ಬೀಳ್ಕೊಡುತ್ತಿದ್ದರು.

ಇಂಥ ಅಪ್ಪ ಬೆಂಗಳೂರಿನಲ್ಲಿ ಆಧುನಿಕ ಚಿತ್ರಗಳ ಗ್ಯಾಲರಿ ತೆರೆದದ್ದು ನನ್ನ ಹಟಕ್ಕೆ. ಸಗಟು ವ್ಯಾಪಾರಕ್ಕೆಂದು ಕೊಂಡ ಮಳಿಗೆಯೊಂದು ಖಾಲಿ ಬಿದ್ದಿತ್ತು. ಚಿತ್ರಕಲೆ ಓದಿದ ಮಗಳೊಬ್ಬಳು ಮನೆಯಲ್ಲಿ ಎಲ್ಲರ ತಲೆ ತಿನ್ನುತ್ತಿದ್ದಳು. ಎರಡು ತಾಪತ್ರಯಗಳನ್ನೂ ಅವರು ಒಟ್ಟಿಗೇ ಪರಿಹರಿಸಿದರು. ಮೊದಲ ಪ್ರದರ್ಶನದ ದಿನ ಊರಿನಿಂದ ಒಂದು ಗಾದಿಯನ್ನು ತಂದು ಗ್ಯಾಲರಿಯ ನಟ್ಟನಡುವೆ ಹಾಸಿಯೇಬಿಟ್ಟರು. ಬಂದ ರಸಿಕರು ಅದರ ಸುತ್ತ ಗೌರವದಿಂದ ಪ್ರದಕ್ಷಿಣೆ ಹಾಕಿದರೇ ಹೊರತು ಒಬ್ಬರೂ ಕೂರಲಿಲ್ಲ. ಒಬ್ಬ ತರುಣಿಯಂತೂ ಅಪ್ಪನ ಬಳಿ ಬಂದು, ಇದರ ಕಲಾವಿದರು ಯಾರು ಎಂದು ಮೆಲ್ಲನೆ ಕೇಳಿದಳು. "ನಮ್ಮೂರಾಗೆ ಹಾಸಿಗೆ ಹೊಲಿಯೋರು ಕಣಮ್ಮ, ಬೇಕಂದ್ರೆ ನಿನಗೂ ಒಂದು ಹೊಲಿಸಿ ಕೊಡ್ತೀನಿ" ಎಂದರು ಅಪ್ಪ. ನನಗೆ ಮುಖ ಎಲ್ಲಿಟ್ಟುಕೊಳ್ಳಬೇಕೋ ತಿಳಿಯಲಿಲ್ಲ. ಮರುದಿನವೇ ಗಾದಿಯನ್ನು ಸುತ್ತಿ ಅಟ್ಟಕ್ಕೆ ಹಾಕಿಸಿದೆ.

ಅಂದಿನಿಂದ ನಮ್ಮ ಗ್ಯಾಲರಿಯಲ್ಲಿ ಯಾರೂ ಕೂತಿಲ್ಲ, ನಾನಂತೂ ಕೂತೇ ಇಲ್ಲ. ಬಿಳಿ ಗೋಡೆಗಳ ನಡುವೆ ಈ ತುದಿಯಿಂದ ಆ ತುದಿಗೆ ಓಡಾಡುತ್ತ, ಓರೆಯಾದ ಚೌಕಟ್ಟನ್ನು ಸರಿಪಡಿಸುತ್ತ, ಸರಿಯಾಗಿದ್ದುದನ್ನು ಓರೆ ಮಾಡುತ್ತ, ಮುಂದಿನ ಪ್ರದರ್ಶನದ ಚಿಂತೆಯಲ್ಲಿ ಇಂದಿನ ಪ್ರದರ್ಶನವನ್ನು ಮರೆಯುವ ಬಾಳು ನನ್ನದು. ನಮ್ಮಲ್ಲಿಗೆ ಬರುವವರನ್ನು ನೋಡಿದ್ದೀರಾ? ಊರಿನಲ್ಲಿ ಜನ ಒಂದು ಟವೆಲ್ ಕೊಳ್ಳಲು ತೆಗೆದುಕೊಳ್ಳುವಷ್ಟು ಹೊತ್ತನ್ನೂ ಅವರು ಒಂದು ಚಿತ್ರಕ್ಕೆ ಕೊಡುವುದಿಲ್ಲ. ಅವರನ್ನು ಆಡಿಕೊಳ್ಳುವ ಬಾಯಿ ನನಗೆಲ್ಲಿಂದ ಬರಬೇಕು? ವ್ಯಾಪಾರವೆಂದರೆ ಓಡಾಟ, ಕೂತರೆ ಕೆಟ್ಟೆ ಎಂಬ ಭಯ ನನ್ನ ಮೈಗಂಟಿದೆ. ನಿದ್ದೆಯಲ್ಲೂ ಕಾಲಾಡಿಸುತ್ತೀಯ ಎಂದು ಅಮ್ಮ ರೇಗಿಸುತ್ತಾಳೆ.

ಇಷ್ಟು ವರ್ಷ ಈ ಓಡಾಟವನ್ನು ಸಲಹಿದವಳು ವನಜಾಕ್ಷಿ. ನಮ್ಮೂರ ಪಕ್ಕದ ಅಂಜನಾಪುರದಲ್ಲಿ ಹುಟ್ಟಿ, ಸೊರಬಕ್ಕೆ ಮದುವೆಯಾಗಿ ಹೋಗಿ, ಶಾಲೆಯಲ್ಲಿ ಚಿತ್ರ ಕಲಿಸುತ್ತ ಉಳಿದ ಹೊತ್ತಿನಲ್ಲಿ ದೊಡ್ಡ ದೊಡ್ಡ ಕ್ಯಾನ್ವಾಸುಗಳ ಮೇಲೆ ಕೆಲಸ ಮಾಡುವ ಈಕೆಯ ಹೆಸರಿನಿಂದಲೇ ನಮ್ಮ ಗ್ಯಾಲರಿಗೆ ಹೆಸರು. ಈಚೆಗೆ ಬೆಂಗಳೂರಿನ ಮತ್ತೊಂದು ದೊಡ್ಡ ಗ್ಯಾಲರಿ ಅವಳನ್ನು ಕರೆಯುತ್ತಿದೆಯೆಂಬ ಸುದ್ದಿ ಬಂದಾಗಿನಿಂದ ನನಗೆ ಅನ್ನ ಸೇರುತ್ತಿರಲಿಲ್ಲ. ಊರಿನ ಅಂಗಡಿ ನೋಡಿಕೊಳ್ಳುವ ನನ್ನಣ್ಣ ಮಾತ್ರ ನಿರಾಳವಾಗಿದ್ದ. "ಆಯಮ್ಮ ಕೈ ಬಿಟ್ರೆ ಆ ಜಾಗ ನನಿಗೆ ಬಿಟ್ಕೊಡವ್ವ, ಸೀರೆ ಶೋರೂಮ್ ಮಾಡಾಣ" ಎಂದ. ಅವನ ಮಾತಿನಲ್ಲಿ ಕೆಡುಕಿರಲಿಲ್ಲ. ಅವಳಿಲ್ಲದ ಗ್ಯಾಲರಿ ಹೆಚ್ಚು ದಿನ ನಡೆಯದೆಂದು ನನಗೂ ಗೊತ್ತಿತ್ತು, ಅದಕ್ಕೇ ಆ ಮಾತು ಅಷ್ಟು ನೋಯಿಸಿತು.

ಕಳೆದ ವಾರ ಶಿಕಾರಿಪುರದಿಂದ ಅಪ್ಪನನ್ನು ಕರೆದುಕೊಂಡು ಸೊರಬಕ್ಕೆ ಹೋದೆ. ವನಜಾಕ್ಷಿ ಹೊಸ ಚಿತ್ರವನ್ನು ಗೋಡೆಗೆ ಒರಗಿಸಿ, ಎದುರಿಗೆ ಚಾಪೆ ಹಾಸಿದ್ದಳು. ಅಪ್ಪ ಮಂಡಿನೋವಿಗೆ ಉಸ್ ಎನ್ನುತ್ತ ಗೋಡೆ ಹಿಡಿದು ಕೂತರು. ನಾನು ಹತ್ತಿರ ಹೋದೆ, ದೂರ ಬಂದೆ, ಮೊಬೈಲಿನಲ್ಲಿ ಫೋಟೋ ತೆಗೆದೆ. ಅಂಜನಾಪುರದ ಜಲಾಶಯದ ಅಂಚು. ಬೂದಿ ಬಣ್ಣದ ನೀರು, ದಂಡೆಯುದ್ದಕ್ಕೂ ಹರಿದಾಡಿದ ಗೆರೆಗಳು. "ಬತ್ತಿಹೋಗ್ತಿರೋ ನೀರಿನ ಸಂಕಟ ಎಷ್ಟು ಚೆನ್ನಾಗಿ ಬಂದಿದೆ ವನಜಾ" ಎಂದೆ. ಅವಳು ನಕ್ಕಳು. "ಅಕ್ಕಾ, ನಿಮಗೊಂದು ಮಾತು ಹೇಳೋದಿತ್ತು, ಕೂತ್ಕಳ್ರಿ" ಎನ್ನುವಷ್ಟರಲ್ಲಿ ಫೋನು ಬಂತು, ನಾನು ಅಂಗಳಕ್ಕೆ ಓಡಿದೆ.

ಮರಳಿ ಬಂದಾಗ ಅಪ್ಪ ಅದೇ ಭಂಗಿಯಲ್ಲಿದ್ದರು, ಲೋಟದ ಚಹಾ ಆರುತ್ತಿತ್ತು. "ಆ ಗ್ಯಾಲರಿಯೋರೂ ಬಂದಿದ್ರು. ಅವರೂ ನಿಂತೇ ನೋಡಿ ಹೋದ್ರು" ಎಂದಳು ವನಜಾಕ್ಷಿ. ದನಿಯಲ್ಲಿ ಆಕ್ಷೇಪಣೆ ಇರಲಿಲ್ಲ, ದಣಿವಿತ್ತು. ವರ್ಷವಿಡೀ ಬಿಡಿಸಿದ್ದನ್ನು ನಿಂತ ಕಾಲಿನಲ್ಲಿ ಮುಗಿಸುವವರ ಮೇಲೆ ಎಷ್ಟೆಂದು ಸಿಟ್ಟಾಗುವುದು? ನಾನು ಕೂತೆ.

ಕೂರುವುದು ಸುಲಭವೆಂದು ತಿಳಿಯಬೇಡಿ. ಮೊದಲು ಪಾದ ಜುಮುಗುಟ್ಟಿತು. ಆಮೇಲೆ ಅಣ್ಣನ ಶೋರೂಮು ದೀಪಗಳ ಸಮೇತ ಕಣ್ಣ ಮುಂದೆ ಬಂತು. ಚೀಲದೊಳಗೆ ಫೋನು ಗುರುಗುಟ್ಟಿತು. ಕೈ ಅತ್ತ ಹೋಯಿತು, ಎಳೆದುಕೊಂಡೆ. ಮುಳ್ಳಿನ ಮೇಲೆ ಕೂತವಳ ಹಾಗೆ ಮಿಸುಕಾಡಿ ಮಿಸುಕಾಡಿ, ಇನ್ನು ಏಳಬೇಕು ಎನ್ನುವ ಹೊತ್ತಿಗೆ ಆ ಬೂದಿ ಬಣ್ಣದ ಒಳಗಿನಿಂದ ಏನೋ ಹಸಿರು ಮೇಲೆದ್ದಿತು. ಹುಲ್ಲು. ನೀರಿನ ಕೆಳಗೆ ಎಸಳೆಸಳಾಗಿ ಇನ್ನೂ ನೆಟ್ಟಗೆ ನಿಂತಿರುವ ಹುಲ್ಲು. ಬತ್ತುವ ನೀರು ಹಿಂದೆ ಬರೀ ಕೆಸರನ್ನು ಬಿಟ್ಟು ಹೋಗುತ್ತದೆ. ಹಸಿರು ಹುಲ್ಲನ್ನು ಮುಳುಗಿಸಬೇಕಾದರೆ ಅದು ಈಗಷ್ಟೇ ಏರಿ ಬಂದಿರಬೇಕು.

"ವನಜಾ, ಇದು ಬತ್ತುತ್ತಿಲ್ಲ. ಏರ್ತಾ ಇದೆ, ಅಲ್ವಾ?"

ಅವಳು ನನ್ನನ್ನೇ ನೋಡಿದಳು. ಕಣ್ಣು ತುಂಬಿಕೊಂಡಿತ್ತು. ನನಗೆ ಎಂದೂ ಆಗದಷ್ಟು ಖುಷಿಯಾಯಿತು, ಗೆದ್ದೆ ಎಂದುಕೊಂಡೆ.

"ಹೌದಕ್ಕ" ಎಂದಳು. "ಆದ್ರೆ ಆಗ ನಾನು ಹೇಳಕ್ಕೆ ಹೊರಟಿದ್ದು ಬೇರೆ. ನಿನ್ನೇನೇ ಆ ಗ್ಯಾಲರಿಯೋರಿಗೆ ಒಪ್ಪಿಗೆ ಕೊಟ್ಬಿಟ್ಟೆ. ಇದು, ಇನ್ಮುಂದಿನವೂ ಎಲ್ಲ ಅಲ್ಲಿಗೇ."

ಅಪ್ಪ ತಣ್ಣಗಾದ ಚಹಾವನ್ನು ಕುಡಿದು ಮುಗಿಸಿ, "ಒಳ್ಳೇದಾಗಲಿ ತಾಯಿ" ಎಂದು ಅವಳಿಗೆ ಮನಸಾರೆ ಹೇಳಿ, ಗೋಡೆ ಹಿಡಿದು ಎದ್ದರು. ಬಾಗಿಲ ಹತ್ತಿರ ಹೋಗಿ ಚಪ್ಪಲಿ ಮೆಟ್ಟಿಕೊಂಡು ತಿರುಗಿ ನೋಡಿದರು.

"ಹೋಗಾಣೇನವ್ವ? ಇನ್ನೇನು ಕೆಲಸ ಐತೆ ಇಲ್ಲಿ?"

ಕೆಲಸವೇನೂ ಇರಲಿಲ್ಲ. "ಇನ್ನೊಂದು ಸ್ವಲ್ಪ ಇರಪ್ಪ" ಎಂದೆ, "ನಾನಿನ್ನೂ ನೋಡ್ತಿದೀನಿ."